ಮಕರ ಬರಲಿ, ಫೈಟರ್‌ನ ಸರದಿ ಮಾತ್ರ ನುಂಗದಿರಲಿ

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಐದು ಜನ ನಮ್ಮ ಮನೆ ಮಹಡಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. 2014ರ ಐದನೇ ಆವೃತ್ತಿಯ ಪುಸ್ತಕ. ಇಷ್ಟು ದಿನ ಬರೀ ಆಡುತ್ತಿದ್ದೆ, ಈಗ ಮೊದಲ ಸಲ ಡಿಎಂ, ಅಂದರೆ ಡಂಜನ್ ಮಾಸ್ಟರ್ ಆಗಿ ಆಟ ನಡೆಸಬೇಕು. ಹೊಯ್ಸಳರ ಕಾಲದ ಮಲೆನಾಡಿನ ಥರದ ಒಂದು ಲೋಕ ಕಟ್ಟಿಕೊಂಡಿದ್ದೇನೆ. ಈಗ ನೋಡಿದರೆ ನನ್ನ ಚಿಕ್ಕಪ್ಪನ ಮಗ ಹಳೇಬೀಡಿನ ಗುಡಿಯ ಕೆತ್ತನೆ ನೋಡಿ ಬಂದು 'ನಾನು ಮಕರ ಆಗ್ತೀನಿ' ಅಂತ ಹಟ ಹಿಡಿದಿದ್ದಾನೆ. ಗೆಳತಿಯೊಬ್ಬಳಿಗೆ ಹಕ್ಕಿಮನುಷ್ಯರ ಕುಲದ ಅರಾಕೋಕ್ರ ಬೇಕು. ಮೊದಲ ಲೆವೆಲ್‌ನಿಂದಲೇ ಹಾರಬೇಕಂತೆ. ಪಕ್ಕದ ಬೀದಿಯ ಅಣ್ಣ ಒಬ್ಬರು ಮನುಷ್ಯ ಫೈಟರ್, ಅಂದರೆ ಆಯುಧ ಹಿಡಿದು ಕಾದುವವರು. ಅವರ ತಂಗಿ ಡ್ವಾರ್ಫ್ ಕ್ಲೆರಿಕ್, ಅಂದರೆ ಗಿಡ್ಡ ಕುಲದ, ದೇವರ ಬಲದಿಂದ ಗಾಯ ಮಾಯಿಸುವವರು. ಆ ಅಣ್ಣ ನಗುತ್ತಲೇ 'ಒಬ್ರು ಹಾರ್ತಾರೆ, ಒಬ್ರು ಈಜ್ತಾರೆ, ನಾನು ಹಿಂದೆ ನಡ್ಕೊಂಡ್ ಬರ್ತೀನಿ ಬಿಡಿ' ಅಂದರು. ಅದು ತಮಾಷೆ ಅಂತ ನನಗೆ ಅನ್ನಿಸಲಿಲ್ಲ. ಬೇಡ ಅಂದರೆ ತಮ್ಮ ಮುನಿಸಿಕೊಳ್ಳುತ್ತಾನೆ. ಆಗಲಿ ಅಂದರೆ ಆಟ ಕೆಡುತ್ತೇನೋ ಅಂತ ಭಯ. ಹುಡುಕಿ ಓದಿದರೆ ಅರ್ಧ ಜನ ಇಂಥದ್ದನ್ನೆಲ್ಲಾ ಬ್ಯಾನ್ ಮಾಡಿ ಅನ್ನುತ್ತಾರೆ. ಇನ್ನರ್ಧ ಜನ ಒಳ್ಳೆಯ ಡಿಎಂ ಯಾವತ್ತೂ ಬೇಡ ಅನ್ನಬಾರದು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಅಂಟಿಕೊಂಡಿವೆ. ಮೊದಲು ಬಿಡಿಸಿಕೊಳ್ಳೋಣ. ವಿಚಿತ್ರ ಪಾತ್ರ ಬಂದರೆ ಆಟದ ನಿಯಮ ಹದಗೆಡುತ್ತದೆ ಅನ್ನುವುದು ಒಂದು. ಜನ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವುದು ಇನ್ನೊಂದು. ಹಾಸನದಲ್ಲಿ ಈ ಆಟ ನಡೆಸುವುದೇ ನನ್ನ ಕೆಲಸ. ಸಂಜೆ ಕೆಲಸ ಮುಗಿಸಿ ಬರುವ ದೊಡ್ಡವರಿಗೆ ನಡೆಸುತ್ತೇನೆ, ರಜೆಯಲ್ಲಿ ಮಕ್ಕಳಿಗೆ. ನಾನು ಕಂಡಂತೆ ಮೊದಲನೆಯ ಭಯ ಚಿಕ್ಕದು. ಪುಸ್ತಕ, ಪೆನ್ಸಿಲ್ ಹಿಡಿದು ಕೂತರೆ ಒಂದು ಸಂಜೆಯಲ್ಲಿ ಸರಿಹೋಗುತ್ತದೆ. ಎರಡನೆಯದು ನಿಜವಾದದ್ದು. ಅದನ್ನು ಆ ಅಣ್ಣ ಆಗಲೇ ಹೇಳಿಬಿಟ್ಟಿದ್ದಾರೆ. ಅದು ತಮಾಷೆಯಲ್ಲ ಅಂತ ನಿಮಗೆ ಹೊಳೆದದ್ದು ಒಳ್ಳೆಯದಾಯಿತು.

ಈ ಆಟ ಗೊತ್ತಿಲ್ಲದೆ ಓದುತ್ತಿರುವವರಿಗೆ ಎರಡು ಮಾತು. ಮೇಜಿನ ಸುತ್ತ ಕೂತು, ಮಾತಿನಲ್ಲೇ ಕತೆ ಕಟ್ಟುತ್ತಾ, ಏನಾಗುತ್ತದೆ ಅನ್ನುವುದನ್ನು ದಾಳ ಹಾಕಿ ತೀರ್ಮಾನಿಸುವ ಆಟ ಇದು. ಒಬ್ಬೊಬ್ಬ ಆಟಗಾರನಿಗೂ ಒಂದು ಪಾತ್ರ. ಆ ಪಾತ್ರಕ್ಕೊಂದು ಕುಲ, ಒಂದು ವರ್ಗ ಅಂದರೆ ಕಸುಬು. ಆಡುತ್ತಾ ಬೆಳೆದಂತೆ ಅದರ ಲೆವೆಲ್ ಏರುತ್ತದೆ. ಉಳಿದ ಇಡೀ ಲೋಕ, ಅಂದರೆ ಶತ್ರು, ಸಂತೆ, ಮಳೆ, ಕಾಡು ಎಲ್ಲವೂ ಡಿಎಂ ಕೈಯಲ್ಲಿ.

ಈಗ ಬ್ಯಾನ್ ಮಾಡಿ ಅನ್ನುವವರ ಮಾತು. ಈ ಆಟದಲ್ಲಿ ಮನುಷ್ಯರು, ಎಲ್ಫ್, ಡ್ವಾರ್ಫ್ ಇಷ್ಟೇ ಇರಬೇಕು, ಉಳಿದದ್ದೆಲ್ಲಾ ಈಚಿನ ಹುಡುಗರ ಹುಚ್ಚು ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಪುಸ್ತಿಕೆಯಲ್ಲೇ ಆಟಗಾರ ಹೆಚ್ಚುಕಮ್ಮಿ ಏನು ಬೇಕಾದರೂ ಆಗಬಹುದು ಅಂತ ಇದೆ. ಡ್ರ್ಯಾಗನ್ ಆಗಬೇಕೆಂದರೂ ಸರಿ, ಆದರೆ ಮರಿ ಡ್ರ್ಯಾಗನ್ ಆಗಿ ಶುರು ಮಾಡಿ ಬೆಳೆಯುತ್ತಾ ಹೋಗಬೇಕು. ಅದಕ್ಕೂ ಮುಂಚೆ ಆರ್ನೆಸನ್ ಅವರ ಬ್ಲ್ಯಾಕ್‌ಮೂರ್ ಆಟದಲ್ಲಿ ಸರ್ ಫ್ಯಾಂಗ್ ಅನ್ನುವ ರಕ್ತಪಿಶಾಚಿಯನ್ನು ಒಬ್ಬ ಆಟಗಾರ ಆಡಿಸುತ್ತಿದ್ದ. ಅವನ ಕಾಟ ತಡೆಯಲಾಗದೆ ಅವನನ್ನು ಎದುರಿಸಲಿಕ್ಕೇ ಒಂದು ಹೊಸ ವರ್ಗ ಹುಟ್ಟಿತು, ಅದೇ ಕ್ಲೆರಿಕ್ ಅಂತ ಹಳಬರು ಹೇಳುತ್ತಾರೆ. ನಿಮ್ಮ ಆಟದ ಡ್ವಾರ್ಫ್ ಕ್ಲೆರಿಕ್ ಇರುವುದೇ ಒಂದು ವಿಚಿತ್ರ ಪಾತ್ರದ ದೆಸೆಯಿಂದ. ಆ ತಂಗಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

1979ರ ಡಿಎಂ ಪುಸ್ತಕಕ್ಕೆ ಬರುವ ಹೊತ್ತಿಗೆ ಗೈಗ್ಯಾಕ್ಸ್ ಸ್ವರ ಬದಲಾಗಿತ್ತು. ರಾಕ್ಷಸ ಪಾತ್ರ ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಬರೀ ಬಲ ಅಂತ ಅವರು ಬರೆದರು. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನ್ನ ಮೇಜಿಗೆ ಬರುವ ಮಕ್ಕಳಲ್ಲಿ ತುಂಬಾ ವಿಚಿತ್ರವಾದ ಪಾತ್ರ ಕೇಳುವವರು ಎಷ್ಟೋ ಸಲ ತುಂಬಾ ನಾಚಿಕೆ ಸ್ವಭಾವದವರು. ತಾನಾಗಿ ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ ಕಪ್ಪೆಯಾದ ತಕ್ಷಣ ವಟವಟ ಶುರು ಮಾಡುತ್ತಾಳೆ. ಆದರೆ ಬಲಕ್ಕಾಗಿ ಕೇಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಯಾರು ಯಾವುದಕ್ಕೆ ಕೇಳುತ್ತಿದ್ದಾರೆ ಅಂತ ಪಾತ್ರದ ಹಾಳೆ ನೋಡಿದರೆ ಗೊತ್ತಾಗುವುದಿಲ್ಲ. ಕೂರಿಸಿಕೊಂಡು ಕೇಳಬೇಕು.

ಒಳ್ಳೆಯ ಡಿಎಂ ಬೇಡ ಅನ್ನಬಾರದು ಅನ್ನುವುದಂತೂ ಪೂರ್ತಿ ತಪ್ಪು. ನೀವೂ ಆ ಮೇಜಿನಲ್ಲಿ ಆಡುತ್ತಿರುವ ಒಬ್ಬರು. ವಾರವಿಡೀ ತಯಾರಿ ಮಾಡುವವರು ನೀವು. ನಿಮಗೆ ಇಷ್ಟವಿಲ್ಲದ ಪಾತ್ರವನ್ನು ಒಪ್ಪಿಕೊಂಡು ಒಳಗೊಳಗೇ ಉರಿಯುತ್ತಾ ಆಟ ನಡೆಸಿದರೆ ಅದು ಮೇಜಿನ ಮೇಲೆ ಕಂಡೇ ಕಾಣುತ್ತದೆ.

ಇನ್ನು ಬಲದ ವಿಷಯ. ಅದನ್ನು ತೂಗಿಸಲು ಈ ಆಟ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದಾರಿ ಹಿಡಿದಿದೆ. ಮೂರನೇ ಆವೃತ್ತಿಯ ಕಾಲದಲ್ಲಿ ಲೆವೆಲ್ ಅಡ್ಜಸ್ಟ್‌ಮೆಂಟ್ ಅಂತ ಒಂದಿತ್ತು. ಬಲವಾದ ಜೀವಿಯಾಗಿ ಹುಟ್ಟಿದರೆ ಅಷ್ಟು ಲೆವೆಲ್ ಕಳೆದುಕೊಳ್ಳಬೇಕು. ಕಾಗದದ ಮೇಲೆ ನ್ಯಾಯ. ಮೇಜಿನ ಮೇಲೆ ಮಾತ್ರ ತಮಾಷೆಯಾಗಿತ್ತು. ಆನೆಯಂಥ ಮೈಯವನಿಗೆ ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಅಂಕಿ, ಕಡಿಮೆ, ಎರಡೇ ಏಟಿಗೆ ನೆಲಕ್ಕೆ. ಮಂತ್ರ ಹಾಕುವವನಾದರೆ ಜೊತೆಯವರಿಗಿಂತ ಯಾವಾಗಲೂ ಎರಡು ಮೂರು ಮಂತ್ರ ಹಿಂದೆ. 2003ರಲ್ಲಿ ಬಂದ ಸ್ಯಾವೇಜ್ ಸ್ಪೀಶೀಸ್ ಪುಸ್ತಕ ಇದಕ್ಕಿಂತ ಜಾಣತನದ ದಾರಿ ಹುಡುಕಿತು. ರಾಕ್ಷಸನ ಶಕ್ತಿಗಳನ್ನು ಒಂದೊಂದು ಲೆವೆಲ್‌ಗೆ ಇಷ್ಟಿಷ್ಟು ಅಂತ ಹಂಚಿತು. 1974ರ ಮರಿ ಡ್ರ್ಯಾಗನ್ ಉಪಾಯವೇ ಅದು. ನಿಮಗೂ ಅದೇ ಉಪಾಯ ಹೇಳುತ್ತೇನೆ.

ಆದರೆ ಮೊದಲು ನಿಜವಾಗಿ ಏನು ಕೆಡುತ್ತದೆ ಅಂತ ನೋಡಿ. ನಿಮ್ಮ ತಂಡ ಸಂತೆಗೆ ಹೋಗುತ್ತದೆ ಅಂದುಕೊಳ್ಳಿ. ಮುಂದೆ ಮಕರ. ಜನ ಚೀರುತ್ತಾರೆ, ಎತ್ತುಗಳು ಬೆದರಿ ಓಡುತ್ತವೆ, ಶ್ಯಾನುಭೋಗರು ಬಂದು ವಿಚಾರಿಸುತ್ತಾರೆ, ಅಜ್ಜಿಯೊಬ್ಬಳು ಕೈ ಮುಗಿಯುತ್ತಾಳೆ. ಚೆನ್ನಾಗಿದೆ, ಎಲ್ಲರೂ ನಗುತ್ತಾರೆ. ಮುಂದಿನ ಊರಲ್ಲೂ ಇದೇ. ಅದರ ಮುಂದಿನ ಊರಲ್ಲೂ ಇದೇ. ಮೂರು ಗಂಟೆಯ ಆಟದಲ್ಲಿ ಒಂದು ಗಂಟೆ ಮಕರನನ್ನು ನೋಡಿ ಊರವರು ಬೆರಗಾಗುವುದರಲ್ಲೇ ಹೋಯಿತು. ಅಷ್ಟು ಹೊತ್ತು ಆ ಅಣ್ಣನ ಫೈಟರ್ ಏನು ಮಾಡುತ್ತಿದ್ದ? ಪಕ್ಕದಲ್ಲಿ ನಿಂತಿದ್ದ. ಅವನ ಕತ್ತಿ ಮಕರನ ಹಲ್ಲಿಗಿಂತ ಜೋರಾಗಿಯೇ ಹೊಡೆಯಬಹುದು. ಅದರಿಂದ ಅವರಿಗೆ ಸಮಾಧಾನವಾಗುವುದಿಲ್ಲ. ಅವರು ಕೇಳಿದ್ದು ಬಲ ಅಲ್ಲ, ಸರದಿ.

ಯಕ್ಷಗಾನ ನೋಡಿರುತ್ತೀರಿ. ಬಣ್ಣದ ವೇಷ ರಂಗಕ್ಕೆ ಬರುವಾಗ ಎಷ್ಟು ಅಬ್ಬರ! ಚೆಂಡೆ, ಕೂಗು, ದೊಂದಿ, ಮಲಗಿದ್ದ ಮಕ್ಕಳೂ ಎದ್ದು ಕೂರಬೇಕು. ಆದರೆ ಬೆಳಗಿನವರೆಗೂ ಅದೊಂದೇ ಕುಣಿಯುತ್ತಿರುವುದಿಲ್ಲ. ವಿಚಿತ್ರ ಪಾತ್ರಕ್ಕೂ ಹಾಗೆಯೇ ಒಂದು ದೊಡ್ಡ ಪ್ರವೇಶ ಕೊಡಿ, ಮನಸ್ಸು ತುಂಬುವಷ್ಟು ಕೊಡಿ. ಆಮೇಲೆ ಲೋಕ ಅದಕ್ಕೆ ಒಗ್ಗಿಕೊಳ್ಳಲಿ. ನಿಮ್ಮ ಲೋಕದಲ್ಲಿ ಮಕರರು ಅಪರೂಪ, ಆದರೆ ಕೇಳಿ ಗೊತ್ತಿರುವವರು ಅಂತ ಮೊದಲೇ ತೀರ್ಮಾನಿಸಿ. ಅರಸರ ಮುದ್ರೆ ಇರುವ ಒಂದು ತಾಮ್ರದ ತಗಡು ಅವನ ಕೊರಳಲ್ಲಿರಲಿ. ತೋರಿಸಿದರೆ ಕಾವಲುಗಾರ ಬಿಡುತ್ತಾನೆ, ಮಾತು ಮುಗಿಯಿತು. ಆ ತಗಡು ಕಳೆದುಹೋಗುವ ದಿನ ಬೇಕಾದರೆ ಇನ್ನೊಂದು ಕತೆ ಮಾಡಿ.

ಈಗ ಒಬ್ಬೊಬ್ಬರನ್ನಾಗಿ ನೋಡೋಣ.

ನಿಮ್ಮ ತಮ್ಮನನ್ನು ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ. ಎಲ್ಲರ ಮುಂದೆ ಕೇಳಿದರೆ ಹಟ ಗಟ್ಟಿಯಾಗುತ್ತದೆ. ಒಬ್ಬನೇ ಇದ್ದಾಗ, ಕಾಫಿ ಕುಡಿಯುತ್ತಾ, 'ಲೋ, ಮಕರ ಅಂದ್ರೆ ಅದರಲ್ಲಿ ನಿಂಗೆ ಏನು ಇಷ್ಟ ಆಯ್ತು ಹೇಳು' ಅನ್ನಿ. ಯಾಕೆ ಬೇಕು ಅಂತ ಕೇಳಬೇಡಿ, ಅದು ಜವಾಬು ಕೇಳಿದಂತಾಗುತ್ತದೆ. ಉತ್ತರ ನಾಲ್ಕು ಥರ ಬರಬಹುದು. ಆ ರೂಪ ಇಷ್ಟ ಅನ್ನಬಹುದು. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಕುದುರೆಗಳ ಮೇಲೆ ಹಂಸದ ಸಾಲಿನ ಹತ್ತಿರ ಮಕರದ ಸಾಲು ಬರುತ್ತದಲ್ಲ, ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ ಅಂತ ಗೈಡ್‌ಗಳು ತೋರಿಸುವುದು. ಯಾರಿಗೆ ಇಷ್ಟವಾಗುವುದಿಲ್ಲ ಹೇಳಿ. ಇಲ್ಲವೇ ನೀರಿನಲ್ಲಿ ಮುಳುಗಿ ಬೇಟೆಯಾಡಬೇಕು ಅನ್ನಬಹುದು. ಇಲ್ಲವೇ ದೊಡ್ಡ ಪ್ರಾಣಿಯಾಗಿ ಎಲ್ಲವನ್ನೂ ತುಳಿದು ಹಾಕಬೇಕು ಅನ್ನಬಹುದು. ಇಲ್ಲವೇ ಯಾವಾಗಲೂ ಪರದೇಶದ ಎಲ್ಫ್‌ಗಳೇ ಯಾಕೆ, ನಮ್ಮ ಕಡೆಯದ್ದು ಒಂದು ಇರಲಿ ಅನ್ನಬಹುದು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ.

ರೂಪ ಮತ್ತು ನೀರು ಸಾಕು ಅಂದರೆ ಕೆಲಸ ಸಲೀಸು. ಹೊಸ ನಿಯಮ ಬರೆಯಲೇಬೇಡಿ. 2016ರ ವೋಲೋಸ್ ಗೈಡ್ ಪುಸ್ತಕದಲ್ಲಿ ಹಲ್ಲಿಮನುಷ್ಯರ ಕುಲ, ಲಿಜರ್ಡ್‌ಫೋಕ್ ಇದೆ. ಒಂದು ಸರದಿಗೆ 30 ಅಡಿ ಈಜುವ ವೇಗ, 15 ನಿಮಿಷ ಉಸಿರು ಹಿಡಿಯುವ ಶಕ್ತಿ, ಒಂದು ಆರು ಮುಖದ ದಾಳದ ಕಚ್ಚುವಿಕೆ, ಕವಚವಿಲ್ಲದೆಯೇ 13ರ ಮೇಲೆ ಡೆಕ್ಸ್ಟೆರಿಟಿ, ಅಂದರೆ ಚುರುಕುತನದ ಅಂಕಿ ಸೇರಿಸಿದ ರಕ್ಷಣೆ. ಅಂಕಿ ಒಂದನ್ನೂ ಮುಟ್ಟದೆ ಮೇಲಿನ ಬಣ್ಣ ಬದಲಾಯಿಸಿ. ಸೊಂಡಿಲಿನಂತೆ ಸುರುಳಿಯಾದ ಮೂತಿ, ಹಿಂದೆ ನವಿಲುಗರಿ ಬಾಲ. ಎರಡು ಕಾಲಲ್ಲಿ ನಿಲ್ಲುತ್ತಾನೆ, ಕೈ ಇದೆ. ಆಟದ ಯಾವ ಮೂಲೆಯೂ ಹದಗೆಡುವುದಿಲ್ಲ. ಮೊದಲ ಸಲ ಡಿಎಂ ಆಗುವವರಿಗೆ ನಾನು ಕೊಡುವ ಮೊದಲ ಸಲಹೆ ಇದು. ಇದರಲ್ಲಿರುವ ಅಪಾಯ ಒಂದೇ. ಆಮೇಲೊಂದು ದಿನ 'ಸೊಂಡಿಲಿದೆಯಲ್ಲಾ, ಅದರಲ್ಲಿ ಇನ್ನೊಂದು ಕತ್ತಿ ಹಿಡೀತೀನಿ' ಅನ್ನುತ್ತಾನೆ. ಬಣ್ಣಕ್ಕೆ ಬಲ ಇಲ್ಲ ಅಂತ ಮೊದಲ ದಿನವೇ ಹೇಳಿಡಿ. ಸೊಂಡಿಲಲ್ಲಿ ಬಾಳೆಹಣ್ಣು ಹಿಡಿಯಲಿ, ಕತ್ತಿ ಬೇಡ.

ನಾಲ್ಕು ಕಾಲೇ ಬೇಕು ಅಂದರೆ ಯೋಚನೆ ಮಾಡಬೇಕಾಗುತ್ತದೆ. ಇಲ್ಲಿ ತೊಂದರೆ ಕೊಡುವುದು ಗಾತ್ರಕ್ಕಿಂತ ಕೈ. ಕೈ ಇಲ್ಲದಿದ್ದರೆ ಕತ್ತಿ ಇಲ್ಲ, ಗುರಾಣಿ ಇಲ್ಲ, ಹಗ್ಗ ಹತ್ತುವಂತಿಲ್ಲ, ಬಿದ್ದ ಗೆಳೆಯನ ಬಾಯಿಗೆ ಮದ್ದಿನ ಶೀಶೆ ಹಿಡಿಯುವಂತಿಲ್ಲ. ಮಂತ್ರಕ್ಕೆ ಕೈಸನ್ನೆ ಬೇಕು, ಅದೂ ಇಲ್ಲ. ಈ ಪಟ್ಟಿಯನ್ನು ಅವನ ಮುಂದಿಟ್ಟು ಓದಿ. ಎಷ್ಟೋ ಆಟಗಾರರು ಶೀಶೆಯ ಹತ್ತಿರ ಬಂದಾಗಲೇ ಮನಸ್ಸು ಬದಲಾಯಿಸುತ್ತಾರೆ. ಹಾಗೂ ಬೇಕೆಂದರೆ 2018ರ ರಾವ್ನಿಕಾ ಪುಸ್ತಕದ ಸೆಂಟಾರ್, ಅಂದರೆ ಕುದುರೆ ಮೈಯ ಮನುಷ್ಯನ ನಿಯಮವನ್ನು ಅಡಿಪಾಯ ಮಾಡಿಕೊಳ್ಳಿ. ನಾಲ್ಕು ಕಾಲಿನ ಮೈ ಇದ್ದರೂ ಅದನ್ನು ಮೀಡಿಯಂ ಗಾತ್ರದಲ್ಲೇ ಇಟ್ಟಿದ್ದಾರೆ, ಆದ್ದರಿಂದ ಬಾಗಿಲಲ್ಲಿ ಸಿಕ್ಕಿಕೊಳ್ಳುವ ರಗಳೆ ಇಲ್ಲ. ಕೈಕಾಲು ಹಾಕಿ ಏರಬೇಕಾದ ಕಡೆ ಒಂದೊಂದು ಅಡಿಗೆ 4 ಅಡಿ ಹೆಚ್ಚು ವೇಗ ಖರ್ಚಾಗುತ್ತದೆ. ಇದು ಒಳ್ಳೆಯ ಲೆಕ್ಕ. ಆಗುವುದೇ ಇಲ್ಲ ಅನ್ನುವುದಿಲ್ಲ, ಕಷ್ಟ ಅನ್ನುತ್ತದೆ. ಆದರೂ ಪ್ರತಿ ಬಾವಿ, ಪ್ರತಿ ಏಣಿ, ಪ್ರತಿ ಹರಿಗೋಲಿನ ಮುಂದೆ 'ಮಕರನನ್ನ ಹೇಗೆ ದಾಟಿಸೋದು' ಅನ್ನುವ ಚರ್ಚೆ ನಡೆಯುತ್ತದೆ. ಒಂದೆರಡು ಸಲ ಮಜಾ. ಆಮೇಲೆ ಸಾಮಾನು ಸಾಗಿಸುವ ಕೆಲಸದ ಥರ ಆಗುತ್ತದೆ. ಹೊಸ ಡಿಎಂಗೆ ನಾನು ಇದನ್ನು ಹೇಳುವುದಿಲ್ಲ.

ತುಳಿದು ಹಾಕುವ ಆಸೆ ಇದ್ದರೆ ಡ್ರೂಯಿಡ್, ಅಂದರೆ ಪ್ರಾಣಿಯ ರೂಪ ತಾಳಬಲ್ಲ ಕಾಡಿನ ಮಾಂತ್ರಿಕ ಆಗು ಅನ್ನಿ. 2014ರ ನಿಯಮದಲ್ಲಿ ಡ್ರೂಯಿಡ್ 4ನೇ ಲೆವೆಲ್‌ಗೆ ಬಂದಾಗ ಅರ್ಧ ಚಾಲೆಂಜ್ ರೇಟಿಂಗ್‌ನ, ಈಜುವ ಪ್ರಾಣಿಯ ರೂಪ ತಾಳಬಹುದು. ಚಾಲೆಂಜ್ ರೇಟಿಂಗ್ ಅಂದರೆ ಎದುರಾದ ಜೀವಿ ಎಷ್ಟು ಬಲಶಾಲಿ ಅನ್ನುವ ಅಂಕಿ. ಮೊಸಳೆ ಸರಿಯಾಗಿ ಅಲ್ಲಿ ಕೂರುತ್ತದೆ. ಮೊಸಳೆಯ ಅಂಕಿ, ಮಕರದ ರೂಪ. ಉಳಿದ ಹೊತ್ತು ಮನುಷ್ಯ, ಶೀಶೆಯನ್ನೂ ಹಿಡಿಯುತ್ತಾನೆ. ಮಕರ ಕಾಣಿಸಿಕೊಂಡಾಗ ಎಲ್ಲರಿಗೂ ಅದು ದೊಡ್ಡ ಗಳಿಗೆ, ಯಾಕೆಂದರೆ ಅದು ಯಾವಾಗಲೂ ಇರುವುದಿಲ್ಲ. ಕಷ್ಟವೆಂದರೆ ಕಾಯಬೇಕು. ಕಾಯುವ ತಾಳ್ಮೆ ಅವನಿಗೆ ಇದೆಯಾ ಅಂತ ನಿಮಗೇ ಗೊತ್ತು, ತಮ್ಮ ಅಲ್ವಾ.

ನಮ್ಮ ಕಡೆಯದ್ದು ಬೇಕು ಅನ್ನುವುದೇ ಅವನ ಮನಸ್ಸಿನಲ್ಲಿದ್ದರೆ ಅವನು ಮಕರ ಆಗಬೇಕಾಗಿಯೇ ಇಲ್ಲ. ನಿಮ್ಮ ಲೋಕದ ಅರ್ಧವನ್ನು ಅವನ ಕೈಗೆ ಕೊಡಿ. 'ಕೆರೆಗಳನ್ನ ಕಾಯೋ ಮಕರರ ಬಗ್ಗೆ ಒಂದು ಪುಟ ಬರೆದು ತಾ, ನಾನು ಕತೆಯಲ್ಲಿ ಸೇರಿಸ್ತೀನಿ' ಅನ್ನಿ. ಆ ಹಟ ಅಲ್ಲಿಗೇ ಕರಗಿ, ಲೋಕ ಕಟ್ಟುವ ಉತ್ಸಾಹವಾಗಿ ಬದಲಾದದ್ದನ್ನು ನಾನು ಕಂಡಿದ್ದೇನೆ.

ಗೆಳತಿಯ ವಿಷಯ ಬೇರೆ. ಅರಾಕೋಕ್ರ ಪುಸ್ತಕದಲ್ಲೇ ಇರುವ ಕುಲ, ಆದರೆ ಇಲ್ಲಿ ನಿಯಮದ ತೊಂದರೆ ನಿಜವಾಗಿಯೂ ಇದೆ. 2015ರಲ್ಲಿ ಅದನ್ನು ಆಟಗಾರರಿಗೆ ಕೊಟ್ಟಾಗ ಹಾರುವ ವೇಗ 50 ಅಡಿ. ಸಾಮಾನ್ಯ ಮನುಷ್ಯ ನಡೆಯುವುದು 30 ಅಡಿ. 2022ರ ಪುಸ್ತಕದಲ್ಲಿ ಅದನ್ನು ನಡೆಯುವ ವೇಗಕ್ಕೆ ಇಳಿಸಿದರು. ಮಾಂತ್ರಿಕನೊಬ್ಬ ಹಾರುವ ಮಂತ್ರ ಕಲಿಯುವುದು 5ನೇ ಲೆವೆಲ್‌ಗೆ, ಅದೂ ಹತ್ತು ನಿಮಿಷ, ಏಕಾಗ್ರತೆ ಕೆಟ್ಟರೆ ಮುಗಿಯಿತು. ಮೊದಲ ನಾಲ್ಕು ಲೆವೆಲ್‌ನ ಸಾಹಸಗಳಲ್ಲಿ ಕೋಟೆಯ ಗೋಡೆ, ಕಂದಕ, ತುಂಬಿದ ಹೊಳೆ, ಇವೆಲ್ಲಾ ತಲೆ ಕೆಡಿಸಿಕೊಂಡು ದಾಟಬೇಕಾದವು. ಹಾರುವವಳಿಗೆ ಇವು ಇಲ್ಲವೇ ಇಲ್ಲ. ಬಯಲಿನಲ್ಲಿ ತೋಳದ ಹಿಂಡು ಬಂದರೆ ಮೇಲೆ ಹಾರಿ ಬಿಲ್ಲು ಹೊಡೆಯುತ್ತಾ ಇರಬಹುದು. ಲಾಂಗ್‌ಬೋ 150 ಅಡಿ ತಲುಪುತ್ತದೆ, ತೋಳ ಏನು ಮಾಡೀತು?

ಹಾಗಂತ ಜನ ಹೆದರಿಸುವಷ್ಟು ಕೆಟ್ಟದ್ದೇನೂ ಅಲ್ಲ. ಮೊದಲ ಲೆವೆಲ್‌ಗಳಲ್ಲಿ ಎದುರಾಗುವ ಕುಳ್ಳ ಶತ್ರುಗಳಾದ ಗಾಬ್ಲಿನ್‌ಗಳ ಕೈಯಲ್ಲೂ ಬಿಲ್ಲು ಇದೆ, 80 ಅಡಿಯವರೆಗೆ ಸಲೀಸಾಗಿ ಗುರಿಯಿಟ್ಟು ಹೊಡೆಯುತ್ತವೆ. ಮೇಲೆ ಒಬ್ಬಳೇ ಇದ್ದರೆ ಎಲ್ಲಾ ಬಾಣವೂ ಅವಳಿಗೇ. ಜೊತೆಗೆ ಬೀಳುವ ಲೆಕ್ಕ ಇದೆ. ಹಾರುತ್ತಿರುವಾಗ ಬಲೆಗೆ ಸಿಕ್ಕಿದರೆ, ಅಥವಾ ಬೇರೆ ಯಾವ ಕಾರಣದಿಂದಲೋ ವೇಗ ಸೊನ್ನೆಯಾದರೆ ಕೆಳಗೆ ಬೀಳುತ್ತಾಳೆ. ಪ್ರತಿ 10 ಅಡಿಗೆ ಒಂದು ಆರು ಮುಖದ ದಾಳದ ಪೆಟ್ಟು. 60 ಅಡಿಯಿಂದ ಬಿದ್ದರೆ ಆರು ದಾಳ, ಸರಾಸರಿ 21. ಮೊದಲ ಲೆವೆಲ್‌ನಲ್ಲಿ 8 ಹಿಟ್ ಪಾಯಿಂಟ್ ಇರುವವಳಿಗೆ 21ರ ಪೆಟ್ಟು ಬಿದ್ದರೆ ಪ್ರಜ್ಞೆ ತಪ್ಪುವುದಲ್ಲ, ನೇರ ಸಾವು. ಕ್ಲೆರಿಕ್ ಓಡಿ ಬರುವಷ್ಟು ಹೊತ್ತೂ ಇರುವುದಿಲ್ಲ. ಇದನ್ನು ಅವಳಿಗೆ ಮುಂಚೆಯೇ ಹೇಳಬೇಕು. ಹೇಳದೆ ಮೊದಲ ಭಾನುವಾರವೇ ಬಲೆ ಬೀಸಿದರೆ ಅದು ಹಗೆ ಸಾಧಿಸಿದಂತೆ.

ಇನ್ನೊಂದು ಕೆಟ್ಟ ಅಭ್ಯಾಸದ ಬಗ್ಗೆ ಎಚ್ಚರಿಕೆ. ಹಾರುವ ಪಾತ್ರಕ್ಕೆ ಒಪ್ಪಿಗೆ ಕೊಟ್ಟು ಆಮೇಲೆ ಕತೆಯನ್ನೆಲ್ಲಾ ತಗ್ಗು ಚಾವಣಿಯ ಗುಹೆಯಲ್ಲೇ ನಡೆಸುವ ಡಿಎಂಗಳಿದ್ದಾರೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಅದು. ಹಾಗೆ ಮಾಡುವ ಬದಲು ಸೀದಾ ಬೇಡ ಅನ್ನುವುದು ಮೇಲು.

ನನ್ನ ಮೇಜಿನಲ್ಲಿ ನಾನು ಹಾರಾಟವನ್ನು ಕಂತಿನಲ್ಲಿ ಕೊಡುತ್ತೇನೆ. 1ನೇ ಲೆವೆಲ್‌ನಲ್ಲಿ ತೇಲಿ ಇಳಿಯುವುದು ಮಾತ್ರ. ಎತ್ತರದಿಂದ ಹಾರಿದರೆ ಪೆಟ್ಟಿಲ್ಲ, 10 ಅಡಿ ಇಳಿಯುವಷ್ಟರಲ್ಲಿ 20 ಅಡಿ ಮುಂದಕ್ಕೆ ಹೋಗಬಹುದು. 3ನೇ ಲೆವೆಲ್‌ಗೆ ದಿನಕ್ಕೊಮ್ಮೆ ಒಂದು ನಿಮಿಷದ ನಿಜವಾದ ಹಾರಾಟ, 5ಕ್ಕೆ ಪೂರ್ತಿ ರೆಕ್ಕೆ. ಇದು ನನ್ನ ಮನೆನಿಯಮ, ಪುಸ್ತಕದ್ದಲ್ಲ. ಆದರೆ 2024ರ ಹೊಸ ಪುಸ್ತಕದ ಯೋಚನೆಯೂ ಹೆಚ್ಚುಕಮ್ಮಿ ಹೀಗೇ ಇದೆ. ಅದರಲ್ಲಿ ದೇವಲೋಕದ ಅಂಶವಿರುವ ಆಸಿಮಾರ್‌ಗೆ 3ನೇ ಲೆವೆಲ್‌ನಲ್ಲಿ ಒಂದು ನಿಮಿಷ ರೆಕ್ಕೆ ಬಿಚ್ಚುವ ಅವಕಾಶ ಬರುತ್ತದೆ, ಡ್ರ್ಯಾಗನ್ ವಂಶದ ಡ್ರ್ಯಾಗನ್‌ಬಾರ್ನ್‌ಗೆ 5ರಲ್ಲಿ ಹತ್ತು ನಿಮಿಷ. ಕತೆಗೂ ಒಪ್ಪುತ್ತದೆ. ಗೂಡು ಬಿಟ್ಟು ಈಗಷ್ಟೇ ಬಂದ ಮರಿ, ಗರಿ ಇನ್ನೂ ಬಲಿತಿಲ್ಲ. 'ಮೊದಲ ದಿನವೇ ಹಾರದಿದ್ರೆ ನಂಗೆ ಬೇಡ' ಅಂದರೆ? ಆಗ ಅವಳಿಗೆ ಬೇಕಾದದ್ದು ಹಕ್ಕಿಯಾಗುವುದಲ್ಲ, ಯಾರ ಕೈಗೂ ಸಿಗದಿರುವುದು. ಗೈಗ್ಯಾಕ್ಸ್ ಹೇಳಿದ್ದು ಇಂಥವರ ಬಗ್ಗೆಯೇ.

ಈಗ ಅಣ್ಣ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಮಾತಾಡಿಸುವುದು ಅವರನ್ನೇ. ಮನುಷ್ಯ ಪಾತ್ರ ಅಂದರೆ ಸಪ್ಪೆ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಸಪ್ಪೆಯಾಗುವುದು ಡಿಎಂ ಅದಕ್ಕೆ ಏನೂ ಕೊಡದಿದ್ದಾಗ. ಹಕ್ಕಿಗೆ ರೆಕ್ಕೆ ಇದೆ, ಮಕರನಿಗೆ ಹಲ್ಲಿದೆ. ಮನುಷ್ಯನಿಗೆ ಇರಬೇಕಾದದ್ದು ಊರು. ಅವನ ಸೋದರಮಾವ ಸುಂಕದ ಕಟ್ಟೆಯಲ್ಲಿದ್ದಾನೆ. ಅವನ ತಾತನ ವೀರಗಲ್ಲು ಊರ ಬಾಗಿಲಲ್ಲಿದೆ, ಅದರ ಮುಂದೆ ದಾರಿಹೋಕರು ತಲೆಬಾಗುತ್ತಾರೆ. ಮಕರನನ್ನು ಕಂಡು ಓಡುವ ಊರವರು ಇವನನ್ನು ಕಂಡರೆ 'ಬಾಪ್ಪ, ಒಳಗ್ ಬಾ' ಅನ್ನುತ್ತಾರೆ. ಸಾಲ ಹುಟ್ಟುವುದು ಇವನಿಗೆ, ಪಂಚಾಯಿತಿಯಲ್ಲಿ ಮಾತು ನಡೆಯುವುದು ಇವನದ್ದು, ರಾತ್ರಿ ಜಗಲಿ ಸಿಗುವುದು ಇವನ ಮುಖ ನೋಡಿ. ಈ ಬಲಕ್ಕೆ ಪಾತ್ರದ ಹಾಳೆಯಲ್ಲಿ ಅಂಕಿ ಇಲ್ಲ. ಡಿಎಂ ನೆನಪಿಟ್ಟುಕೊಂಡು ಕೊಡಬೇಕಷ್ಟೆ.

ನಿಮ್ಮದು ಹೊಯ್ಸಳರ ಥರದ ಲೋಕ ಅಂದಿರಿ. ಹಾಗಿದ್ದರೆ ಕೈಗೆಟುಕುವ ಇನ್ನೊಂದು ವಸ್ತು ಇದೆ. ಅರಸನ ಪ್ರಾಣಕ್ಕೆ ತಮ್ಮ ಪ್ರಾಣ ಕಟ್ಟಿಕೊಂಡು ಪಣ ತೊಟ್ಟ ಅಂಗರಕ್ಷಕರನ್ನು ಆಗ ಗರುಡರು ಎನ್ನುತ್ತಿದ್ದರು. ಇಮ್ಮಡಿ ವೀರಬಲ್ಲಾಳನ ಗರುಡ ಕುವರ ಲಕ್ಷ್ಮನ ನೆನಪಿನ ಕಂಬ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದಲ್ಲೇ ಇದೆ. ಮಕರ ನೋಡಲು ಹೋದವರು ಅದನ್ನು ನೋಡದೆ ಬರುತ್ತಾರೆ. ಆ ಅಣ್ಣನ ಫೈಟರ್ ಗರುಡನಾಗಲಿ. ಪಣ ಸಾಯುವುದಕ್ಕೆ ಬೇಡ, ಕಾಯುವುದಕ್ಕೆ ಇರಲಿ. ಯಾರನ್ನು ಕಾಯಬೇಕು ಅಂತ ಅವರೇ ಹೇಳಲಿ. ರೆಕ್ಕೆ ಇರುವವಳು ಬೇರೆ, ಗರುಡ ಅನ್ನಿಸಿಕೊಂಡವನು ಬೇರೆ. ಸಭೆಯಲ್ಲಿ ಎಲ್ಲರೂ ಎದ್ದು ನಿಲ್ಲುವುದು ಅವನಿಗೆ.

ಒಂದು ಸಾಹಸವನ್ನು ಇವರೆಲ್ಲರಿಗೂ ಕೆಲಸ ಸಿಗುವಂತೆ ಕಟ್ಟುವುದು ಹೇಗೆ ಅಂತ ಕೇಳಿದರೆ, ಗೊರೂರಿನ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿ ಚರ್ಚ್ ನೋಡಿಕೊಂಡು ಬನ್ನಿ. ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಹೊರಗೆ ಬರುತ್ತದೆ. ಚಾವಣಿ ಇಲ್ಲ, ಕೆಲವು ಕಮಾನುಗಳು ಇನ್ನೂ ನಿಂತಿವೆ. ನಿಮ್ಮ ಲೋಕದಲ್ಲಿ ಅದೊಂದು ಮುಳುಗಿದ ಬಸದಿಯೋ ಅರಮನೆಯೋ ಆಗಲಿ. ನೀರಿನ ತಳದಲ್ಲಿ ಏನೋ ಹೂತಿದೆ, ಅದು ಮಕರನ ಕೆಲಸ. ಮುರಿದ ಗೋಡೆಯ ತುದಿಯಲ್ಲಿ ಗಂಟೆ ಇದೆ, ಅಲ್ಲಿಂದ ತೇಲಿ ಇಳಿಯುವುದು ಹಕ್ಕಿಯ ಕೆಲಸ. ದಡಕ್ಕೂ ಕಟ್ಟಡಕ್ಕೂ ನಡುವೆ ಒಬ್ಬರು ಮಾತ್ರ ನಿಲ್ಲುವಷ್ಟು ಅಗಲದ ಕಟ್ಟೆ, ಸತ್ತವರು ಅಲ್ಲಿಂದಲೇ ಎದ್ದು ಬರುತ್ತಾರೆ. ಅಲ್ಲಿ ನಿಲ್ಲುವವನು ಗರುಡ, ಅವನ ಬೆನ್ನಿಗೆ ಕ್ಲೆರಿಕ್. ಉಳಿದಿಬ್ಬರೂ ತಮ್ಮ ಕೆಲಸ ಮುಗಿಸಿ ಬರುವ ತನಕ ಆ ಕಟ್ಟೆ ಬೀಳಬಾರದು. ನೋಡಿ, ಈಗ ನಡೆದುಕೊಂಡು ಬಂದವನ ಮೇಲೆ ಎಲ್ಲರ ಜೀವ ನಿಂತಿದೆ.

ನಂಬಿಕೆಯ ಬಗ್ಗೆ ಚಿಕ್ಕದಾಗಿ. ಮಕರ ಗಂಗೆಯ, ವರುಣನ ವಾಹನ. ನಿಮ್ಮ ಐವರಲ್ಲಿ ಯಾರಿಗಾದರೂ ದೇವರಿಗೆ ಹತ್ತಿರದ ರೂಪಗಳನ್ನು ಆಟದಲ್ಲಿ ಹೊಡೆಯುವುದು, ಕೊಲ್ಲುವುದು ಕಸಿವಿಸಿ ಅನ್ನಿಸಬಹುದು. ಮೊದಲ ಆಟಕ್ಕೂ ಮುಂಚೆ ಎಲ್ಲರೂ ಕೂತು ಮಾತಾಡುವ ಸೆಷನ್ ಜೀರೋದಲ್ಲಿ ಇದನ್ನೂ ಕೇಳಿಬಿಡಿ. ವಾಹನ ಬೇಡ, ಅದೇ ಜಾತಿಯ ಪ್ರಾಣಿ ಅಂದರೆ ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಮಹಡಿಯಿಂದ 'ಮಕರನ್ನ ಹೊಡೀರಿ' ಅನ್ನುವ ಕೂಗು ಕೆಳಗೆ ಅಜ್ಜಿಯ ಕಿವಿಗೆ ಬಿದ್ದರೆ ಏನು ಹೇಳುತ್ತೀರಿ ಅನ್ನುವುದನ್ನು ಮಾತ್ರ ನಾನು ಹೇಳಿಕೊಡಲಾರೆ.

ರೂಪಕ್ಕಿಂತ ಸ್ವಭಾವ ವಿಚಿತ್ರವಾದ ಪಾತ್ರಗಳೂ ಬರುತ್ತವೆ, ಸದ್ಯಕ್ಕೆ ನಿಮ್ಮಲ್ಲಿ ಇಲ್ಲ. ಸ್ವಂತ ಗೆಳೆಯರ ಜೇಬು ಕತ್ತರಿಸುವ ಕಳ್ಳ, ಯಾರ ಜೊತೆಗೂ ಸೇರದೆ ಮೂಲೆಯಲ್ಲಿ ಕೂರುವ ಒಂಟಿ ವೀರ. ಇವರೆಲ್ಲಾ ಸಾಮಾನ್ಯವಾಗಿ ಮನುಷ್ಯರೇ. ಹತ್ತು ಮಕರರಿಗಿಂತ ಇಂಥ ಒಬ್ಬ ಆಟವನ್ನು ಬೇಗ ಕೆಡಿಸುತ್ತಾನೆ. 2016ರ ಪುಸ್ತಕದ, ಕಾಗೆಯಂಥ ಕೆಂಕು ಕುಲದವರು ಕೇಳಿದ ಸದ್ದನ್ನು ಅನುಕರಿಸಿ ಮಾತ್ರ ಮಾತಾಡಬೇಕಿತ್ತು. ಮೊದಲ ಅರ್ಧ ಗಂಟೆ ನಗು, ಆಮೇಲೆ ಎಲ್ಲರಿಗೂ ಸುಸ್ತು. 2022ರಲ್ಲಿ ಆ ಕಟ್ಟು ತೆಗೆದು ಅವರಿಗೂ ಮಾತು ಕೊಟ್ಟರು. 'ನನ್ನ ಪಾತ್ರ ಇರೋದೇ ಹಾಗೆ' ಅನ್ನುವ ಮಾತು ಯಾರ ಬಾಯಲ್ಲಿ ಬಂದರೂ ಅಲ್ಲೇ ಆಟ ನಿಲ್ಲಿಸಿ ಮಾತಾಡಿ.

ಕೊನೆಗೂ ಬೇಡ ಅನ್ನಬೇಕಾಗಿ ಬಂದರೆ ನಿಯಮದ ಹಿಂದೆ ಅಡಗಬೇಡಿ. 'ಪುಸ್ತಕದಲ್ಲಿ ಇಲ್ಲ' ಅಂದರೆ ಅವನು ಇರುವ ಪುಸ್ತಕ ಹುಡುಕಿ ತರುತ್ತಾನೆ. 'ನಾನು ಹೊಸಬಳು ಕಣೋ, ನಾಲ್ಕು ಕಾಲಿನ ಪಾತ್ರ ಇಟ್ಕೊಂಡು ಆಟ ನಡೆಸೋಕೆ ನಂಗಿನ್ನೂ ಬರಲ್ಲ, ಎರಡು ಕಾಲಿನ ಮಕರ ಆಗು' ಅನ್ನಿ. ನಿಜ ಹೇಳಿದರೆ ಮುನಿಸು ಬೇಗ ಇಳಿಯುತ್ತದೆ.

ನನ್ನ ತೀರ್ಪು ಕೇಳಿದರೆ: ಲಿಜರ್ಡ್‌ಫೋಕ್ ಅಂಕಿಯ ಮಕರ, ಕಂತಿನ ರೆಕ್ಕೆಯ ಹಕ್ಕಿ, ಗರುಡನಾದ ಫೈಟರ್, ಕ್ಲೆರಿಕ್ ಇದ್ದ ಹಾಗೇ. ಮೂರು ಭಾನುವಾರ ಆಡಿ, ಆಮೇಲೆ ಎಲ್ಲರೂ ಕೂತು ನೋಡೋಣ ಅಂತ ಮೊದಲೇ ಮಾತಾಗಿರಲಿ. ಈ ಮೂರು ವಾರದಲ್ಲಿ ನಿಮ್ಮ ತಯಾರಿಯ ನೋಟ್‌ಬುಕ್ ತಿರುವಿ ನೋಡುತ್ತಿರಿ. ಯಾರ ಹೆಸರು ಪುಟಪುಟಕ್ಕೂ ಬಂದಿದೆ, ಯಾರದ್ದು ಇಲ್ಲವೇ ಇಲ್ಲ ಅನ್ನುವುದು ಅಲ್ಲಿ ಕಾಣುತ್ತದೆ. ಆಟದ ನಡುವೆ ಒಬ್ಬರು ಪದೇ ಪದೇ ಮೊಬೈಲ್ ತೆಗೆಯುತ್ತಿದ್ದರೆ ಅದೂ ಲೆಕ್ಕಕ್ಕೆ. ಮೂರು ವಾರದ ಮೇಲೆ ಯಾರಿಗಾದರೂ ತಮ್ಮ ಪಾತ್ರ ಸಾಕು ಅನ್ನಿಸಿದರೆ ಬದಲಾಯಿಸಲು ಬಿಡಿ. ಹೊಸ ಪಾತ್ರ ಉಳಿದವರ ಲೆವೆಲ್‌ನಲ್ಲೇ, ಅಷ್ಟೇ ದುಡ್ಡು ಕಾಸಿನ ಜೊತೆ ಶುರುವಾಗಲಿ. ಮತ್ತೆ 1ರಿಂದ ಶುರು ಮಾಡು ಅಂದರೆ ಅದು ದಂಡ ಹಾಕಿದಂತೆ. ಆಮೇಲೆ ಬೇಜಾರಾದರೂ ಯಾರೂ ನಿಮ್ಮ ಹತ್ತಿರ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಭಾನುವಾರ ಬರುವುದನ್ನು ನಿಲ್ಲಿಸುತ್ತಾರೆ.